ಒಂಟಿಕೊಪ್ಪಲಿನ ಮೂವತ್ತು ವಾಟ್

ಕಳೆದ ತಿಂಗಳು ಅಪ್ಪನ ಟ್ರಂಕು ಖಾಲಿ ಮಾಡುತ್ತಿದ್ದೆ. ಮದುವೆ ಕರೆಯೋಲೆಗಳ ಕಟ್ಟು, ಹಳೆಯ ಕಂದಾಯದ ರಸೀದಿಗಳ ಅಡಿಯಲ್ಲಿ ಅಂಗೈಯಗಲದ ಒಂದು ಪುಸ್ತಕ ಸಿಕ್ಕಿತು. ರೇಡಿಯೊ ಲೈಸೆನ್ಸು. ಒಂದೊಂದು ವರ್ಷಕ್ಕೂ ಒಂದೊಂದು ಸ್ಟಾಂಪು, ಅದರ ಮೇಲೆ ಅಂಚೆ ಕಚೇರಿಯ ದುಂಡು ಮೊಹರು. ಎರಡು ಕಡೆ ಮೊಹರಿನ ಮಸಿ ಎದುರು ಪುಟಕ್ಕೂ ಇಳಿದು, ಊರಿನ ಹೆಸರು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ಮೂಡಿದೆ. ವರ್ಷಕ್ಕೆ 15 ರೂಪಾಯಿ. ಮನೆಯಲ್ಲಿ ರೇಡಿಯೊ ಇಟ್ಟುಕೊಂಡವರೆಲ್ಲ ಅಂಚೆ ಕಚೇರಿಯ ಕಿಟಕಿಯ ಮುಂದೆ ನಿಂತು ಈ ದುಡ್ಡು ಕಟ್ಟಬೇಕಿತ್ತು ಎಂದರೆ ಇಂದಿನ ಮಕ್ಕಳಿಗೆ ನಂಬಿಕೆ ಬರುವುದಿಲ್ಲ. 1980ರ ದಶಕದಲ್ಲಿ ಅದು ನಿಂತುಹೋಯಿತು.

ಪುಸ್ತಕ ಕೈಯಲ್ಲಿ ಹಿಡಿದಾಗ ಅಪ್ಪನ ಮಾತೊಂದು ಕಿವಿಯಲ್ಲಿ ಬಂದು ಕೂತಿತು. ನಾನು ಚಿಕ್ಕವನಿದ್ದಾಗ ಸಂಜೆ ಸೆಟ್ಟು ಹಾಕಿ, ಬೆಂಗಳೂರು ಸ್ಪಷ್ಟವಾಗಿ ಕೇಳುವ ತನಕ ಅದನ್ನು ಅತ್ತಿತ್ತ ತಿರುಗಿಸುತ್ತಿದ್ದರು. ಆಮೇಲೆ ನನ್ನ ಕಡೆ ನೋಡಿ, "ಇದು ನಮ್ಮೂರಿನ ಸ್ಟೇಷನ್ನೇ ಕಣೋ. ಇಲ್ಲಿಂದ ಎತ್ಕೊಂಡು ಹೋದ್ರು, ಅಷ್ಟೆ" ಅನ್ನುತ್ತಿದ್ದರು. ಆ "ಅಷ್ಟೆ"ಯಲ್ಲಿ ಎಷ್ಟು ನೋವಿತ್ತು ಎನ್ನುವುದು ನನಗೆ ಅರ್ಥವಾಗಿದ್ದು ತುಂಬಾ ತಡವಾಗಿ.

ಅಪ್ಪ ಹೇಳುತ್ತಿದ್ದುದು ನಿಜ. ಮೈಸೂರಿನ ಆಕಾಶವಾಣಿ ಹುಟ್ಟಿದ್ದು ಸರ್ಕಾರದ ಕಚೇರಿಯಲ್ಲಲ್ಲ, ಒಂಟಿಕೊಪ್ಪಲಿನ ಒಂದು ಮನೆಯಲ್ಲಿ. ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ 'ವಿಠ್ಠಲ ವಿಹಾರ'ದಿಂದಲೇ ಪ್ರಸಾರ ಶುರು ಮಾಡಿದರು. ಟ್ರಾನ್ಸ್‌ಮಿಟರಿನ ಬಲ 30 ವಾಟ್. ಓದುವ ಮೇಜಿನ ದೀಪಕ್ಕೂ ಅದಕ್ಕಿಂತ ಹೆಚ್ಚು ಬೇಕಾಗುತ್ತಿತ್ತು. ಮುಂದೆ 250 ವಾಟಿನದನ್ನು ತರಿಸಿದರು. ಖರ್ಚಿಗೆ ತಮ್ಮ ಕೈಯಿಂದಲೂ ದುಡ್ಡು ಹಾಕಿದರು.

ಆ ಮನುಷ್ಯನ ಧೈರ್ಯ ತಿಳಿಯಬೇಕಾದರೆ ಅವರ ಹಿಂದೆ ಏನೇನಾಗಿತ್ತು ಅಂತ ನೋಡಬೇಕು. ಮದರಾಸಿನಲ್ಲಿ 1924ರಲ್ಲಿ ಹವ್ಯಾಸಿಗಳು ಕಟ್ಟಿದ ರೇಡಿಯೊ ಕ್ಲಬ್ಬು ದುಡ್ಡಿಲ್ಲದೆ 1927ಕ್ಕೆ ಬಾಗಿಲು ಹಾಕಿತು. ಅದರ ಯಂತ್ರವನ್ನು ಮದರಾಸು ಕಾರ್ಪೊರೇಷನ್ನಿಗೆ ಒಪ್ಪಿಸಿದರು. ಅದೇ 1927ರಲ್ಲಿ ಮುಂಬಯಿ, ಕಲ್ಕತ್ತೆಗಳಲ್ಲಿ ಕೇಂದ್ರ ತೆರೆದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಶೇರು ಬಂಡವಾಳ ಹಾಕಿ ಕಟ್ಟಿದ್ದು. ಅದರ ಮುಖ್ಯ ವರಮಾನ ಕೇಳುಗರು ಕಟ್ಟುವ ಲೈಸೆನ್ಸ್ ಹಣದ ಪಾಲು. ಕೇಳುಗರು ಕೆಲವೇ ಸಾವಿರ, ಖರ್ಚು ಮಾತ್ರ ದೊಡ್ಡ ಊರಿನದು. ಮೂರು ವರ್ಷ ತುಂಬುವುದರೊಳಗೆ, 1930ರಲ್ಲಿ ಕಂಪನಿ ಮುಳುಗಿತು, ಸರ್ಕಾರ ವಹಿಸಿಕೊಂಡಿತು. ಬಂಡವಾಳಸ್ಥರ ಕೈಯಲ್ಲೇ ನಿಲ್ಲದ್ದನ್ನು ಐದು ವರ್ಷ ಕಳೆದ ಮೇಲೆ ಸಂಬಳದ ಮೇಷ್ಟರೊಬ್ಬರು ಮನೆಯಲ್ಲಿ ಶುರು ಮಾಡಿದರು.

ಎಎಂ, ಅಂದರೆ ಮೀಡಿಯಂ ವೇವ್ ಕೇಂದ್ರಗಳು ಅಲೆಯ ಬಲ ಏರಿಳಿಸಿ ದನಿ ಕಳಿಸುವ ಪ್ರಸಾರ, ದುಡ್ಡು ನುಂಗುವ ಕೆಲಸ. ಮಾತಾಡುವವನು ಉಸಿರೆಳೆದುಕೊಳ್ಳಲು ಸುಮ್ಮನಾದಾಗಲೂ ದನಿಯನ್ನು ಹೊತ್ತೊಯ್ಯುವ ವಾಹಕ ಅಲೆ ಪೂರಾ ಬಲದಲ್ಲಿ ಹೋಗುತ್ತಲೇ ಇರುತ್ತದೆ, ಮೀಟರು ತಿರುಗುತ್ತಲೇ ಇರುತ್ತದೆ. ನಾಡೆಲ್ಲ ಕೇಳಬೇಕಾದರೆ ಬೇಕಾಗುವ ಗೋಪುರವೂ ಹಾಗೆಯೇ. ಬೆಂಗಳೂರು ಕೇಂದ್ರದ 612 ಕಿಲೋಹರ್ಟ್ಸ್ ತಗೊಳ್ಳಿ. ಅದರ ಅಲೆಯುದ್ದ 490 ಮೀಟರ್. ಆ ಉದ್ದದ ನಾಲ್ಕನೇ ಒಂದು ಪಾಲಿನಷ್ಟೇ ಎತ್ತರದ ಕಂಬ ನಿಲ್ಲಿಸುತ್ತೇವೆಂದರೂ 120 ಮೀಟರು ದಾಟುತ್ತದೆ. ಅದರ ಬುಡದ ಸುತ್ತ ನೆಲದೊಳಗೆ ತಾಮ್ರದ ತಂತಿಗಳನ್ನು ಚಕ್ರದ ಕಡ್ಡಿಗಳ ಹಾಗೆ ಹರಡಿ ಹೂಳಬೇಕು, ಅದಕ್ಕೆ ಎಕರೆಗಟ್ಟಲೆ ಜಾಗ ಬೇಕು. ಊರು ಬೆಳೆದ ಹಾಗೆ ಆ ಜಾಗಕ್ಕೆ ಚಿನ್ನದ ಬೆಲೆ ಬರುತ್ತದೆ. ಆ ಟ್ರಾನ್ಸ್‌ಮಿಟರಿನ ಬಲ 200 ಕಿಲೋವಾಟ್, ಗೋಪಾಲಸ್ವಾಮಿಯವರ ಮೊದಲ ಯಂತ್ರದ ಆರು ಸಾವಿರ ಪಟ್ಟಿಗೂ ಹೆಚ್ಚು. ಇಂಥದ್ದನ್ನು ಒಂದು ಮನೆತನ ಎಷ್ಟು ದಿನ ಸಾಕೀತು?

ಗೋಪಾಲಸ್ವಾಮಿಯವರು ತಮ್ಮ ಕೇಂದ್ರವನ್ನು ಹೆಚ್ಚುಕಡಿಮೆ ಆರು ವರ್ಷ ಸಾಕಿದರು. 1940ರ ದಶಕದ ಆರಂಭದಲ್ಲಿ ಕೇಂದ್ರವನ್ನು ಮೈಸೂರು ನಗರಸಭೆಗೆ ಬಿಟ್ಟುಕೊಟ್ಟರು. ಅಲ್ಲಿಂದ ಮೈಸೂರು ಸಂಸ್ಥಾನದ ಸರ್ಕಾರ ವಹಿಸಿಕೊಂಡಿತು. 'ಆಕಾಶವಾಣಿ' ಎಂಬ ಹೆಸರು ಕೊಟ್ಟವರು, ಅಲ್ಲಿ ಕೆಲಸ ಮಾಡಿದ ನಾ. ಕಸ್ತೂರಿಯವರು ಎಂಬುದು ಮೈಸೂರಿಗರ ಮಾತು. ಸ್ವಾತಂತ್ರ್ಯ ಬಂತು, ಸಂಸ್ಥಾನ ದೇಶದಲ್ಲಿ ಸೇರಿತು. 1950ರ ಏಪ್ರಿಲ್ 1ರಂದು ಕೇಂದ್ರ ಆಲ್ ಇಂಡಿಯಾ ರೇಡಿಯೊದ ಪಾಲಾಯಿತು. 1955ರ ನವೆಂಬರಿನಲ್ಲಿ ಅದನ್ನು ಬೆಂಗಳೂರಿಗೆ ಸಾಗಿಸಿದರು. ಆಮೇಲೆ ಸ್ವಲ್ಪ ಕಾಲದಲ್ಲೇ ಇಡೀ ದೇಶದ ರೇಡಿಯೊಗೆ 'ಆಕಾಶವಾಣಿ' ಎಂದೇ ಹೆಸರಾಯಿತು. ಆ ಹೆಸರಿನ ತವರಿನಲ್ಲಿ ಮಾತ್ರ ಕೇಂದ್ರವಿರಲಿಲ್ಲ. ಮೈಸೂರಿನ ಯಾದವಗಿರಿಯಲ್ಲಿ ಮತ್ತೆ ಶುರುವಾಗಿದ್ದು 1974ರಲ್ಲಿ.

ಆಗ ನನಗೆ ಆರು ವರ್ಷ. ಅಪ್ಪ ಆ ಸಂಜೆ ಸೆಟ್ಟಿನ ಮುಂದೆ ಕೂತಿದ್ದು ನೆನಪಿದೆ. ಅತ್ತಿತ್ತ ತಿರುಗಿಸಲಿಲ್ಲ. "ನೋಡು, ಮುಟ್ಟೋದೇ ಬೇಡ" ಅಂದರು.

ಆ 19 ವರ್ಷಗಳ ಬಗ್ಗೆ ನನಗೆ ಸಿಟ್ಟಿದೆ. ಬೆಂಗಳೂರು ರಾಜಧಾನಿ, ನಾಡಿಗೆಲ್ಲ ಕೇಳುವ ದೊಡ್ಡ ಯಂತ್ರ ಅಲ್ಲಿ ಬೇಕಿತ್ತು, ಒಪ್ಪುತ್ತೇನೆ. ಅಲ್ಲಿ ಹೊಸದು ಕಟ್ಟಿ ಇಲ್ಲಿ ಚಿಕ್ಕದೊಂದನ್ನು ಉಳಿಸಬಹುದಿತ್ತಲ್ಲ? ಗೋಪಾಲಸ್ವಾಮಿಯವರು ಕೊಟ್ಟಾಗ ಅದು ಅವರದಾಗಿತ್ತು, ಮನಸ್ಸಾರೆ ಊರಿಗೆ ಕೊಟ್ಟರು. ನಗರಸಭೆಯ ಕೈಯಲ್ಲಿದ್ದಾಗ ವಾರ್ಡಿನ ಸದಸ್ಯನನ್ನಾದರೂ ನಿಲ್ಲಿಸಿ ಕೇಳಬಹುದಿತ್ತು. 1955ರ ಹೊತ್ತಿಗೆ ಕೇಳೋಣ ಎಂದರೆ ಮೈಸೂರಿನಲ್ಲಿ ಯಾರ ಬಾಗಿಲೂ ಇರಲಿಲ್ಲ, ತೀರ್ಮಾನ ದೆಹಲಿಯದು. ಕೈಬದಲಾದಾಗಲೆಲ್ಲ ಕೇಂದ್ರಕ್ಕೆ ದುಡ್ಡಿನ ಭದ್ರತೆ ಬಂತು, ನಾನು ಅಲ್ಲಗಳೆಯುವುದಿಲ್ಲ. ಒಡೆಯ ಮಾತ್ರ ಅದರ ದನಿ ಮುಟ್ಟುವ ಜಾಗದಿಂದ ಒಂದೊಂದೇ ಹೆಜ್ಜೆ ಆಚೆ ಹೋದ.

ಈಗಲೂ ದೇಶದಲ್ಲಿ ಮೀಡಿಯಂ ವೇವ್ ಟ್ರಾನ್ಸ್‌ಮಿಟರುಗಳು ಒಂದೊಂದಾಗಿ ಮುಚ್ಚುತ್ತಿವೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು ಹಾಕಿದರೆ ಸಾಕು, ಮನೆಯೊಳಗೆ ಸೆಟ್ಟು ಗೊರ್ ಎನ್ನುತ್ತದೆ. ಹೊಸ ಕಾರು, ಫೋನುಗಳಲ್ಲಿ ಎಫ್‌ಎಂ ಇದ್ದರೆ ಅದೇ ಹೆಚ್ಚು. ಖಾಸಗಿಯವರಿಗೆ ಕೊಟ್ಟಿದ್ದೂ ಎಫ್‌ಎಂ ಮಾತ್ರ; 2001ರಲ್ಲಿ ಮೊದಲನೆಯದು ಬಂದಿದ್ದು ಬೆಂಗಳೂರಿನಲ್ಲೇ. ಎಫ್‌ಎಂ ದನಿ ಇಂಪಾಗಿದೆ, ಆದರೆ ಗುಡ್ಡದ ಹಿಂದಿನ ಹಳ್ಳಿಗೆ ಸರಿಯಾಗಿ ಮುಟ್ಟುವುದಿಲ್ಲ. ನೆಲ ಹಿಡಿದು ಹರಿಯುವ ಮೀಡಿಯಂ ವೇವ್ ಮುಟ್ಟುತ್ತಿತ್ತು. ಒಂದು ಟ್ರಾನ್ಸ್‌ಮಿಟರು ಮುಚ್ಚುವ ಮೊದಲು ಆ ಗುಡ್ಡದ ಹಿಂದೆ ಹೋಗಿ ಯಾರಾದರೂ ಕೇಳಬೇಕು. ಅಲ್ಲಿನವರೂ ಅಪ್ಪನ ಹಾಗೆ ವರ್ಷ ವರ್ಷ ಸ್ಟಾಂಪು ಹಚ್ಚಿಸಿದವರೇ.

ಮೊನ್ನೆ ಭಾನುವಾರ ಪುಸ್ತಕವನ್ನು ಜೇಬಿನಲ್ಲಿಟ್ಟುಕೊಂಡು ಒಂಟಿಕೊಪ್ಪಲಿನ ಕಡೆ ನಡೆದು ಹೋದೆ. ಅಲ್ಲಿಂದ ಯಾದವಗಿರಿಗೆ ದೂರವೇನಿಲ್ಲ. ಆಕಾಶವಾಣಿಯ ಗೇಟಿನ ಎದುರು ಸ್ವಲ್ಪ ಹೊತ್ತು ನಿಂತಿದ್ದೆ. ಪಕ್ಕದ ಗೂಡಂಗಡಿಯಾತ ಚಹಾ ಕೊಡುತ್ತಾ, "ಯಾರನ್ನ ನೋಡ್ಬೇಕಿತ್ತು ಸಾರ್?" ಎಂದ. ಪುಸ್ತಕ ತೋರಿಸಿದೆ. ಕೈ ಒರೆಸಿಕೊಂಡು ಇಸಿದುಕೊಂಡು, ತಿರುಗಿ ಮೂಡಿದ ಮೊಹರನ್ನು ಬೆಳಕಿಗೆ ಹಿಡಿದು, ಅಕ್ಷರ ಕೂಡಿಸಿ ಓದಿದ: "ಮೈಸೂರು."