ಡಯಾಲಿಸಿಸ್ ಮನೆಯಲ್ಲೋ, ಆಸ್ಪತ್ರೆಯಲ್ಲೋ?

ಮಾವನ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ನಮ್ಮ ಮನೆಯಲ್ಲಿ ನಡೆಯುವ ಮಾತು ಒಂದೇ. ಡಯಾಲಿಸಿಸ್ಸನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಮುಂದುವರಿಸುವುದಾ, ಇಲ್ಲ ಹೊಟ್ಟೆಗೆ ಟ್ಯೂಬ್ ಹಾಕಿಸಿಕೊಂಡು ಮನೆಯಲ್ಲೇ ಮಾಡುವ ಸಿಎಪಿಡಿಗೆ ಬದಲಾಯಿಸುವುದಾ? "ಅಲ್ಲಿ ಫ್ರೀ ಇದೆಯಲ್ಲ, ಸುಮ್ನೆ ಯಾಕೆ ದುಡ್ಡು ಸುರೀತೀರಿ" ಅನ್ನುತ್ತಾರೆ ನೆಂಟರು.

ಫ್ರೀ ಇರುವುದು ನಿಜ. 2016ರಲ್ಲಿ ಶುರುವಾದ ಪ್ರಧಾನ ಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯಿಂದ ಎಷ್ಟೋ ಬಿಪಿಎಲ್ ಮನೆಗಳು ಉಳಿದುಕೊಂಡಿವೆ. ಆದರೆ ಫ್ರೀ ಆಗಿರುವುದು ಮೆಷಿನ್ ಪಕ್ಕ ಮಲಗುವ ಆ 4 ಗಂಟೆ ಮಾತ್ರ. ವಾರಕ್ಕೆ ಎರಡು ಮೂರು ಸಲ ಹಳ್ಳಿಯಿಂದ ಹೋಗಬೇಕು, ಮುಗಿಯುವ ಹೊತ್ತಿಗೆ ಬಿಪಿ ಇಳಿದು ಕಾಲು ಸೆಳೆಯುತ್ತಿರುತ್ತದೆ, ಆ ಸ್ಥಿತಿಯಲ್ಲಿ ಬಸ್ಸಿನಲ್ಲಿ ನಿಂತು ಬರಲಾಗುವುದಿಲ್ಲ, ಹಾಗಾಗಿ ಆಟೋನೇ ಗತಿ. ಜೊತೆಗೆ ಒಬ್ಬರು ಹೋಗಲೇಬೇಕು, ಅವರ ಅವತ್ತಿನ ಕೂಲಿ ಹೋಯ್ತು. ರಕ್ತ ಹೆಚ್ಚಲು ಕೊಡುವ ಇಂಜೆಕ್ಷನ್ ಸ್ಟಾಕ್ ಇಲ್ಲ ಅಂದರೆ ಹೊರಗಿನಿಂದ ತರಬೇಕು. ಇದೆಲ್ಲ ಯಾವ ಬಿಲ್ಲಿನಲ್ಲೂ ಬರುವುದಿಲ್ಲ, ಅಲ್ವಾ?

ಸಿಎಪಿಡಿಯಲ್ಲಿ ಓಡಾಟ ಕಮ್ಮಿ. ಆದರೆ ಟ್ಯೂಬಿನಿಂದ ಹೊಟ್ಟೆಯೊಳಗೆ ಬಿಡುವ ಡಯಾಲಿಸಿಸ್ ನೀರಿನ 2 ಲೀಟರಿನ ಚೀಲ ದಿನಕ್ಕೆ ಮೂರು ನಾಲ್ಕು ಬೇಕು, ತಿಂಗಳಿಗೆ 20 ಸಾವಿರ ದಾಟುತ್ತದೆ. ಡಯಾಲಿಸಿಸ್ಸಿಗೆ ಆಸ್ಪತ್ರೆಗೆ ಹೋದರೆ ದುಡ್ಡು ಕೊಡುವ ವಿಮೆ, ಮನೆಗೆ ತರಿಸುವ ಚೀಲದ ಬಿಲ್ಲಿಗೂ ಕೊಡುತ್ತದೆ ಅಂತ ನಂಬಿಕೊಂಡು ಕೂರಬೇಡಿ, ಮೊದಲೇ ಕೇಳಿಕೊಳ್ಳಿ.

ಇದನ್ನು ಮಾಡಿಕೊಳ್ಳುತ್ತಿರುವ ಒಬ್ಬರ ಮನೆಗೆ ಹೋಗಿ ನೋಡಿ ಬಂದೆವು. ಒಂದು ಕೋಣೆ ತುಂಬಾ ರಟ್ಟಿನ ಡಬ್ಬಗಳು. ಸೊಸೆ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಮಾಸ್ಕ್ ಹಾಕಿ, ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದುಕೊಂಡರು. ಹೊಸ ಚೀಲವನ್ನು ಗೋಡೆಯ ಮೊಳೆಗೆ ನೇತುಹಾಕಿದರು. ಹೊಟ್ಟೆಯಲ್ಲಿದ್ದ ಹಳೆಯ ನೀರು ಕೆಳಗಿನ ಚೀಲಕ್ಕೆ ಇಳಿದ ಮೇಲೆ ಅದನ್ನು ತೂಕ ಮಾಡಿ ಬರೆದಿಟ್ಟು, ಬೆಳಕಿಗೆ ಹಿಡಿದು ನೋಡಿದರು. ತಿಳಿಯಾಗಿದ್ದರೆ ಸರಿ, ಮಬ್ಬಾಗಿದ್ದರೆ ಸೋಂಕಾಗಿರಬಹುದು, ಆ ಚೀಲ ಹಿಡಿದುಕೊಂಡೇ ಆಸ್ಪತ್ರೆಗೆ ಓಡಬೇಕು. ಇಷ್ಟಕ್ಕೆ ಮುಕ್ಕಾಲು ಗಂಟೆ ಆಯ್ತು. ಹಬ್ಬವಿರಲಿ ಜ್ವರವಿರಲಿ, ಒಂದು ದಿನವೂ ತಪ್ಪಿಸುವಂತಿಲ್ಲ. ಆಕೆ ತವರಿಗೆ ಹೋಗಿ ಒಂದು ವರ್ಷವೇ ಆಗಿದೆಯಂತೆ.

ನನಗೆ ಚೀಲದ ರೇಟಿಗಿಂತ ದೊಡ್ಡದಾಗಿ ಕಂಡಿದ್ದು ಅದೇ. ಮನೆಯಲ್ಲಿ ಮಾಡೋಣ ಅನ್ನುವವರು ಯಾರು ಮಾಡುತ್ತಾರೆ ಅನ್ನುವುದನ್ನು ಮೊದಲು ಹೇಳಬೇಕು, ಯಾಕೆಂದರೆ ಹೆಂಗಸರ ಹೊತ್ತಿಗೆ ಯಾರೂ ರೇಟು ಕಟ್ಟುವುದಿಲ್ಲ. ನಮ್ಮಲ್ಲಿ ಆ ಕೆಲಸ ಬೀಳುವುದು ಅತ್ತೆಯ ಮೇಲೆ. ಅವರಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ನೀರು ತಿಳಿಯೋ ಮಬ್ಬೋ ಅವರಿಗೆ ಕಾಣುವುದೇ ಇಲ್ಲ.

ಸದ್ಯಕ್ಕೆ ಆಸ್ಪತ್ರೆಯಲ್ಲೇ ಮುಂದುವರಿಸುತ್ತಿದ್ದೇವೆ, ಜೊತೆಗೆ ಹೋಗುವ ಸರದಿಯನ್ನು ಅಣ್ಣತಮ್ಮಂದಿರು ಹಂಚಿಕೊಂಡಿದ್ದೇವೆ. ಅತ್ತೆಯ ಕಣ್ಣಿನ ಆಪರೇಷನ್ ಆದ ಮೇಲೆ ಮತ್ತೆ ಕೂತು ಮಾತಾಡುವುದು. 2019ರಲ್ಲಿ ಆ ಫ್ರೀ ಡಯಾಲಿಸಿಸ್ ಯೋಜನೆಗೆ ಮನೆಯ ಡಯಾಲಿಸಿಸ್ಸಿನ ಮಾರ್ಗಸೂಚಿಯೂ ಬಂದಿದೆ, ಚೀಲ ಅದರಲ್ಲಿ ಸಿಗುತ್ತದಾ ಅಂತ ಅಷ್ಟರೊಳಗೆ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿಕೊಂಡು ಬರಬೇಕು.