ಮನಿ ಇಲ್ದೋರ ಆಶ್ರಯ ಕೇಂದ್ರ ನಮ್ಮ ಓಣ್ಯಾಗೇ ಯಾಕ್ರಿ?

ಕಟಿಂಗ್ ಅಂಗಡ್ಯಾಗ, ಲಗ್ನದ ಊಟದಾಗ, ವಾಟ್ಸಾಪ್ ಗ್ರೂಪಿನ್ಯಾಗ, ಎಲ್ಲಿ ಹೋದ್ರೂ ನನಗ ಇದೇ ಪ್ರಶ್ನಿ. "ರಿಂಗ್ ರೋಡ್ ಕಡಿ ಅಷ್ಟು ಜಾಗ ಬಿದ್ದದ, ಅಲ್ಲೊಂದು ಪತ್ರಾಸ್ ಶೆಡ್ ಹಾಕಿದ್ರ ಆಗ್ತಿರ್ಲಿಲ್ಲೇನ್ರಿ, ಸಂಸಾರಸ್ಥರು ಇರೋ ಓಣ್ಯಾಗೇ ಯಾಕ್ ತರ್ತೀರಿ?" ಕಲಬುರಗಿಯ ನಮ್ಮ ಲೇಔಟಿನ್ಯಾಗ ಬೀಗ ಬಿದ್ದ ಸಮುದಾಯ ಭವನ ಒಂದದ, ಅದರಾಗ ಬ್ಯಾಸಗಿ ಪೂರ್ತಿ ಮನಿ ಇಲ್ದೋರಿಗೆ ತುರ್ತು ಆಶ್ರಯ ಕೇಂದ್ರ ತೆರಿಯೋಣ ಅಂತ ನಾವೊಂದಿಷ್ಟು ಮಂದಿ ಓಡಾಡ್ಲಾಕತ್ತೀವಿ. ಒಬ್ಬೊಬ್ಬರಿಗೇ ಹೇಳಿ ಬಾಯಿ ನೋಯ್ಲಾಕತ್ತದ, ಅದಕ್ಕ ಇಲ್ಲಿ ಒಮ್ಮಿಗೇ ಬರೀತೀನಿ.

ರಿಂಗ್ ರೋಡಿಗೆ ಹಾಕಿದ್ರ ಅದು ಖಾಲಿ ಬೀಳ್ತದ್ರಿ. ರಸ್ತ್ಯಾಗ ಮಕ್ಕೊಳ್ಳೋರಂದ್ರ ಕೆಲಸ ಇಲ್ದೋರು, ಎಲ್ಲಿ ಒಯ್ದು ಇಟ್ರೂ ಇರ್ತಾರ ಅಂತ ಅಂದ್ಕೊಂಡೀವಿ. ರಾತ್ರಿ ಹನ್ನೊಂದಕ್ಕ ಸ್ಟೇಷನ್ನು, ಸೂಪರ್ ಮಾರ್ಕೆಟ್ ಕಡಿ ಒಂದ್ ರೌಂಡ್ ಹಾಕಿ ಬರ್ರಿ. ನೆಹರು ಗಂಜ್ ಮಾರ್ಕೆಟಿನ್ಯಾಗ ತೊಗರಿ ಚೀಲ ಹೊರೋ ಹಮಾಲ, ಹೋಟೆಲಿನ್ಯಾಗ ತಾಟು ತೊಳಿಯೋ ಹುಡುಗ, ಚಿಂದಿ ಆಯೋ ಹೆಣ್ಮಗಳು, ಮಕ್ಕಳು ಹೊರಗ ಹಾಕಿದ ಮುದುಕಪ್ಪ, ಆಮ್ಯಾಲ ಜಿಮ್ಸ್ ಸರ್ಕಾರಿ ದವಾಖಾನ್ಯಾಗ ಪೇಶಂಟಿಗೆ ಅಡ್ಮಿಟ್ ಮಾಡಿ ಲಾಡ್ಜಿಗೆ ರೊಕ್ಕ ಸಾಲದೆ ಗೇಟಿನ ಹೊರಗ ಟವೆಲ್ ಹಾಸಿದ ಚಿತ್ತಾಪುರ ಜೇವರ್ಗಿ ಕಡಿ ಮಂದಿ. ನಸುಕಿನ್ಯಾಗ ಲಾರಿ ಬಂತಂದ್ರ ಹಮಾಲ ಗಂಜಿನ್ಯಾಗ ಇರಬೇಕು, ಇಲ್ಲಾಂದ್ರ ಆವತ್ತಿನ ಕೂಲಿ ಹೋತು. ರಿಂಗ್ ರೋಡಿನಿಂದ ಆಟೋಕ್ಕ ಕೊಟ್ಟು ಬಂದ್ರ ಅಂವನ ಕೈಯಾಗ ಏನ್ ಉಳೀತದ? ಅಂವ ಅಂಗಡಿ ಕಟ್ಟಿ ಮ್ಯಾಲೇ ಮಕ್ಕೋತಾನ, ಶೆಡ್ಡಿನ್ಯಾಗ ನಾಯಿ ಮಕ್ಕೋತಾವ.

2013ರಾಗ ಶುರುವಾಗಿ 2024ರಾಗ ಮುಗದ ಕೇಂದ್ರ ಸರ್ಕಾರದ ನಗರ ಜೀವನೋಪಾಯ ಯೋಜನಿ (ಆಫೀಸಿನ್ಯಾಗ ಡೇ-ನಲ್ಮ್ ಅಂತಿದ್ರು) ನಿಯಮದಾಗೂ ಇದೇ ಬರದಿದ್ರು, ಕೇಂದ್ರ ಆ ಮಂದಿ ಇರೋ ಕಡಿ, ದುಡಿಯೋ ಕಡಿ ಹತ್ರ ಇರಬೇಕು ಅಂತ. ಊರಿನ ಒಂದೊಂದು ಲಕ್ಷ ಜನಸಂಖ್ಯಾಕ್ಕ ಕಡಿಮಿ ಅಂದ್ರ 100 ಮಂದಿಗೆ ಜಾಗ ಇರಬೇಕು, ಒಬ್ಬರಿಗೆ 50 ಚದರ ಅಡಿ ಅಂತ ಅದರಾಗ ಇತ್ತು. ನಮ್ಮೂರು 2011ರ ಜನಗಣತ್ಯಾಗೇ 5 ಲಕ್ಷ ದಾಟ್ಯದ. ಅಂದ್ರ 500 ಮಂದಿಗೆ. ಅಷ್ಟು ಮಂದಿನ್ನ ಒಂದೇ ಕಡಿ ತುಂಬಿದ್ರ ಅದು ಆಶ್ರಯ ಅಲ್ಲ, ದೊಡ್ಡಿ ಆಗ್ತದ. ಹಂಚಿದ್ರ ಯಾವುದರೆ ಓಣಿಗೆ ಬರಲೇಬೇಕಲ್ರಿ, ನಮ್ಮದಲ್ಲಾಂದ್ರ ನಿಮ್ಮ ಬೀಗರದು. ಇದು ಯಾರದೋ ದಯಾದ ಮಾತೂ ಅಲ್ಲ, 2009ರ ಡಿಸೆಂಬರ್ ಚಳ್ಯಾಗ ದೆಹಲ್ಯಾಗ ಒಂದು ರಾತ್ರಿ ಆಶ್ರಯ ಕೆಡವಿದ ಮ್ಯಾಲೆ ಸುಪ್ರೀಂ ಕೋರ್ಟ್ ಕೈಹಾಕಿ, 2010ರಾಗ ಬ್ಯಾರೆ ರಾಜ್ಯದ ದೊಡ್ಡ ಊರುಗಳಿಗೂ ಆಶ್ರಯ ಕೇಂದ್ರ ಮಾಡ್ರಿ ಅಂತ ಆರ್ಡರ್ ಮಾಡ್ಯದ.

ದೆಹಲ್ಯಾಗ ಚಳಿ ಕೊಲ್ತದ, ನಮ್ಮ ಕಡಿ ಬಿಸಿಲು. ಏಪ್ರಿಲ್ ಮೇ ಬಂತಂದ್ರ ಕಲಬುರಗಿ ವಿಭಾಗದಾಗ ಸರ್ಕಾರಿ ಆಫೀಸೇ ಮುಂಜಾನಿ ಎಂಟಕ್ಕ ತೆರದು ಮಧ್ಯಾಹ್ನ ಒಂದೂವರಿಗೆ ಮುಚ್ತಾವ, ಯಾಕಂದ್ರ ಆಮ್ಯಾಲ ಹೊರಗ ಕಾಲಿಡ್ಲಾಕ ಬರೋದಿಲ್ಲ. ಫ್ಯಾನ್ ಕೆಳಗ ಕುಂತೋರಿಗೇ ಹಿಂಗಾದ್ರ ಕಾದ ಡಾಂಬರಿನ ಬಾಜೂಕ ಇರೋರು ಎಲ್ಲಿ ಹೋಗಬೇಕ್ರಿ? ಅದಕ್ಕೇ ನಾವು ರಾತ್ರಿ ಅಷ್ಟೇ ಸಾಲದು, ಹಗಲಿನ್ಯಾಗೂ ತೆರದಿರಬೇಕು ಅಂತ ಹಟ ಹಿಡಿದೀವಿ. ಓಣ್ಯಾಗ ಹೆಚ್ಚು ಸಿಟ್ಟು ಬಂದಿರೋದೂ ಇದೇ ಮಾತಿಗೆ.

ನನಗ ತಿಳಿಯದೇ ಇರೋದು ಇಷ್ಟೇ. ಶರಣಬಸವೇಶ್ವರ ಜಾತ್ರಿಗೆ ನಡಕೊಂಡ್ ಬಂದ ಮಂದಿ, ಬಂದೇನವಾಜ್ ದರ್ಗಾದ ಉರುಸಿಗೆ ಬಂದ ಮಂದಿ ನಮ್ಮ ಕಟ್ಟಿ ಮ್ಯಾಲೇ ಮಕ್ಕೊಂಡ್ರೂ ನೀರು ಕೊಟ್ಟು ಊಟ ಆತೇನ್ರಿ ಅಂತೀವಿ. 2020ರ ಅಕ್ಟೋಬರ್‌ನಾಗ ಭೀಮಾ ಉಕ್ಕಿ ಹಳ್ಳಿ ಮುಳುಗಿದಾಗ ಕಾಳಜಿ ಕೇಂದ್ರಕ್ಕ ಕಟಿ ರೊಟ್ಟಿ ಗಂಟು ಕಟ್ಟಿ ಕಳಸಿದ್ದು ಇದೇ ಓಣಿ. ಅವರ ಹೆಸರೂ ನಾವು ಕೇಳಿದ್ದಿಲ್ಲ. ವರ್ಷಪೂರ್ತಿ ಮನಿ ಇಲ್ದೋನು ಬರ್ತಾನಂದ್ರ ಮಾತ್ರ ಆಧಾರ್ ಕಾರ್ಡ್ ತೋರಸು ಅಂತೀವಿ.

"ನಿರಾಶ್ರಿತರ ಪರಿಹಾರ ಕೇಂದ್ರ ಈಗಾಗ್ಲೇ ಅದ, ಅಲ್ಲಿ ಹಾಕ್ರಿ" ಅಂತಾರ ಕೆಲವರು. ಅದು 1975ರ ಭಿಕ್ಷಾಟನೆ ನಿಷೇಧ ಕಾಯ್ದಿದು, ಭಿಕ್ಷಾ ಬೇಡೋರನ್ನ ಹಿಡಕೊಂಡು ಹೋಗಿ ಇಡೋ ಜಾಗ. ದುಡಕೊಂಡು ತಿನ್ನೋ ಹಮಾಲನ್ನ ಅಲ್ಲಿ ಯಾಕ್ ಹಾಕಬೇಕು?

ಸೈಟಿನ ರೇಟ್ ಬೀಳ್ತದ ಅನ್ನೋರ ಜೋಡಿ ನಾ ವಾದ ಮಾಡೋದಿಲ್ಲ. ಸೈಟ್ ಮಾರೋ ವಿಚಾರ ಒಬ್ಬರಿಗೂ ಇಲ್ಲ, ರೇಟಿನ ಚಿಂತಿ ಎಲ್ಲರಿಗೂ ಅದ. ಆದ್ರ ಹೆಣ್ಮಕ್ಕಳು ಟ್ಯೂಷನ್ನಿಂದ ರಾತ್ರಿ ಬರ್ತಾರ, ಕುಡದು ಬಂದು ಜಗಳ ತೆಗದ್ರ ಯಾರು ನೋಡ್ಬೇಕು ಅಂದ ಎದುರು ಮನಿ ಅಕ್ಕೋರ ಮಾತು ಖರೆ. ಕುಡಿಯೋರು ಬಂದೇ ಬರ್ತಾರ, ಬರೋದಿಲ್ಲ ಅಂತ ನಾ ಸುಳ್ಳು ಹೇಳಲ್ಲ. ಅದಕ್ಕ ರಾತ್ರಿ ಪೂರ್ತಿ ಇರೋ ಪಗಾರದ ಕೇರ್‌ಟೇಕರ್ ಬೇಕು, ಬಂದೋರ ಹೆಸರು ಬರಿಯೋ ರಿಜಿಸ್ಟರ್ ಬೇಕು, ಹೆಣ್ಮಕ್ಕಳಿಗೆ ಬ್ಯಾರೆ ಕೋಲಿ ಬ್ಯಾರೆ ಬಾಗಲಾ ಬೇಕು, ಮತ್ತ ಸಂಡಾಸ್ ಸಾಕಷ್ಟು ಇರಬೇಕು, ಯಾಕಂದ್ರ ಓಣಿ ಹೊಲಸಾಗೋದು ಮಂದಿಯಿಂದ ಅಲ್ಲ, ಸಂಡಾಸ್ ಕಡಿಮಿ ಬಿದ್ದಾಗ. ಕೇಂದ್ರ ನಡಸೋ ಕಮಿಟ್ಯಾಗ ಅಕ್ಕೋರೇ ಕುಂದರಲಿ ಅಂತ ಕೇಳೀವಿ. ಇನ್ನೂ ಹೂಂ ಅಂದಿಲ್ಲ, ಆದ್ರ ವಿರೋಧದ ಅರ್ಜಿಗೆ ಸಹಿನೂ ಹಾಕಿಲ್ಲ.