ನಮ್ಮ ಪ್ಲಾಸ್ಮಾ ಸರ್

ನಮಗೆ ಭೌತಶಾಸ್ತ್ರ ಕಲಿಸಿದ ಸರ್ ತೀರಿಕೊಂಡ ಸುದ್ದಿ ನಮ್ಮ ಬಿ.ಎಸ್ಸಿ. ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದಾಗ ಎಲ್ಲರೂ ಬರೆದದ್ದು ಒಂದೇ ಹೆಸರು, ಪ್ಲಾಸ್ಮಾ ಸರ್. ನಿಜವಾದ ಹೆಸರು ಟೈಮ್ ಟೇಬಲ್ಲಿನಲ್ಲಿ ಮಾತ್ರ ಇತ್ತು.

1990ರ ದಶಕದಲ್ಲಿ ಮಂಗಳೂರಿನ ನಮ್ಮ ಕಾಲೇಜಿನಲ್ಲಿ ಓದಿದ್ದರಲ್ಲಿ ಮುಕ್ಕಾಲು ಪಾಲು ಈಗ ನೆನಪಿಲ್ಲ. ಥರ್ಮೊಡೈನಮಿಕ್ಸ್ ನೋಟ್ಸ್ ಎಲ್ಲಿ ಹೋಯಿತೋ ಗೊತ್ತಿಲ್ಲ. ಸಿಲೆಬಸ್ಸಿನಲ್ಲಿ ಇಲ್ಲದೇ ಇದ್ದ ಬಾಹ್ಯಾಕಾಶದ ಪ್ಲಾಸ್ಮಾ ಮಾತ್ರ ಹಾಗೆಯೇ ಉಳಿದಿದೆ, ಏಕೆಂದರೆ ಸರ್ ಅದನ್ನು ಪಾಠ ಅಂತ ಹೇಳಲೇ ಇಲ್ಲ. ಕ್ಲಾಸು ಮುಗಿಯುವ ಹೊತ್ತಿಗೆ ಚಾಕ್ ಕೆಳಗಿಟ್ಟು, "ಆಕಾಶದಲ್ಲಿ ಮೇಲೆ ಏನೂ ಇಲ್ಲ ಅಂತ ಯಾರು ಹೇಳಿದ್ದು ಮಾರಾಯ?" ಅಂತ ಶುರು ಮಾಡುತ್ತಿದ್ದರು. ಅನಿಲವನ್ನು ತುಂಬಾ ಕಾಯಿಸಿದರೆ ಪರಮಾಣುವಿನಿಂದ ಎಲೆಕ್ಟ್ರಾನ್ ಕಳಚಿಕೊಳ್ಳುತ್ತದೆ. ಆಗ ಅದು ಪ್ಲಾಸ್ಮಾ. ಕರೆಂಟ್ ಹರಿಸುತ್ತದೆ, ಅಯಸ್ಕಾಂತದ ಮಾತು ಕೇಳುತ್ತದೆ. ಸೂರ್ಯ ಇಡೀ ಅದೇ. ಎಷ್ಟು ಬಿಸಿಗೆ ಎಷ್ಟು ಪರಮಾಣು ಹೀಗೆ ಒಡೆಯುತ್ತವೆ ಅಂತ 1920ರಲ್ಲಿ ಲೆಕ್ಕ ಕೊಟ್ಟವರು ನಮ್ಮ ಭೌತವಿಜ್ಞಾನಿ ಮೇಘನಾದ ಸಹಾ.

ಈಗ ಸಿಆರ್‌ಒ ಪ್ರಕರಣಕ್ಕೆ ಬರುತ್ತೇನೆ. ಅದು ಎಲೆಕ್ಟ್ರಾನ್ ಕಿರಣದಿಂದ ಪರದೆಯ ಮೇಲೆ ಗೆರೆ ಎಳೆದು ಕರೆಂಟಿನ ಏರಿಳಿತ ತೋರಿಸುವ ಯಂತ್ರ. ನಮ್ಮ ಗ್ಯಾಂಗಿನವರು ಹಳೆಯ ಲೌಡ್‌ಸ್ಪೀಕರಿನಿಂದ ಬಿಚ್ಚಿದ ದಪ್ಪ ಅಯಸ್ಕಾಂತವನ್ನು ಲ್ಯಾಬಿನ ಸಿಆರ್‌ಒ ಪರದೆಯ ಪಕ್ಕದಲ್ಲಿ, ರೆಕಾರ್ಡ್ ಪುಸ್ತಕಗಳ ಅಡಿಯಲ್ಲಿ ಅಡಗಿಸಿಟ್ಟೆವು. ಪರದೆಯಲ್ಲಿ ನೇರ ಗೆರೆ ಬರಬೇಕಾದಲ್ಲಿ ಸೊಟ್ಟ ಗೆರೆ. ಅಟೆಂಡರ್ ಅಣ್ಣ ಎಲ್ಲ ನಾಬ್ ತಿರುಗಿಸಿ ಸುಸ್ತಾದರು. ಸರ್ ಬಂದರು, ಗೆರೆ ಯಾವ ಕಡೆಗೆ ಬಾಗಿದೆ ಅಂತ ಒಂದು ನಿಮಿಷ ನೋಡಿದರು, ಪುಸ್ತಕ ಎತ್ತಿ ಅಯಸ್ಕಾಂತ ತೆಗೆದರು. ಬೈಗುಳ ಬರುತ್ತದೆ ಅಂತ ನಾವು ಕಾದೆವು. ಅವರು ಅದನ್ನು ಪರದೆಯ ಹತ್ತಿರ ಮೆಲ್ಲಗೆ ಆಡಿಸುತ್ತಾ, "ನೋಡಿ, ಭೂಮಿ ಮಾಡುವುದೂ ಇದನ್ನೇ" ಅಂದರು. ಅವತ್ತು ಪ್ರಾಕ್ಟಿಕಲ್ ನಡೆಯಲಿಲ್ಲ. ಸೂರ್ಯನಿಂದ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಪ್ಲಾಸ್ಮಾ ಹೊರಟು ನಾಲ್ಕು ದಿನದಲ್ಲಿ ಇಲ್ಲಿಗೆ ತಲುಪುತ್ತದೆ, ಅದರ ಕಣಗಳು ಕಾಂತರೇಖೆಯನ್ನು ಅಲಸಂಡೆ ಬಳ್ಳಿ ಕೋಲಿಗೆ ಸುತ್ತಿಕೊಂಡ ಹಾಗೆ ಸುತ್ತುತ್ತಾ ಸಾಗುತ್ತವೆ, ಭೂಮಿಯ ಕಾಂತಕ್ಷೇತ್ರ ಆ ಸೌರಮಾರುತವನ್ನು ಸುಮಾರು 60 ಸಾವಿರ ಕಿಲೋಮೀಟರ್ ಆಚೆಯೇ ತಡೆದು ಪಕ್ಕಕ್ಕೆ ಸರಿಸುತ್ತದೆ ಅಂತೆಲ್ಲ ಗಂಟೆ ಹೊಡೆದ ಮೇಲೂ ಹೇಳುತ್ತಲೇ ಇದ್ದರು. ಅಟೆಂಡರ್ ಅಣ್ಣನೂ ನಿಂತು ಕೇಳಿದರು.

1958ರಲ್ಲಿ ಅಮೆರಿಕದ ವಿಜ್ಞಾನಿ ಯೂಜಿನ್ ಪಾರ್ಕರ್ ಸೂರ್ಯನಿಂದ ಇಂಥ ಗಾಳಿ ಇರಲೇಬೇಕು ಅಂತ ಬರೆದಾಗ, ಲೇಖನ ಪರಿಶೀಲಿಸಿದ ಇಬ್ಬರೂ ಅದು ಬೇಡ ಅಂದಿದ್ದರು. ಆದರೂ ಅಚ್ಚು ಹಾಕಿಸಿದ್ದು ಆ ಪತ್ರಿಕೆಯ ಸಂಪಾದಕರಾಗಿದ್ದ ಖಗೋಳವಿಜ್ಞಾನಿ ಎಸ್. ಚಂದ್ರಶೇಖರ್. ಈ ಕಥೆ ಹೇಳುವಾಗ ಸರ್ ದನಿ ಏರುತ್ತಿತ್ತು. ಅದಕ್ಕಿಂತ ಜಾಸ್ತಿ ಏರುತ್ತಿದ್ದದ್ದು ಮುಂದೆ ಇಸ್ರೋ ಅಧ್ಯಕ್ಷರಾದ ಯು. ಆರ್. ರಾವ್ ಅವರ ವಿಷಯ ಬಂದಾಗ. 1962ರಲ್ಲಿ ಶುಕ್ರನ ಕಡೆಗೆ ಹೋದ ಮ್ಯಾರಿನರ್-2 ನೌಕೆ ಕಳಿಸಿದ ಮಾಹಿತಿ ಹಿಡಿದು, ಈ ಗಾಳಿ ಒಮ್ಮೆ ಬೀಸಿ ನಿಲ್ಲುವುದಲ್ಲ, ಸದಾ ಬೀಸುತ್ತಲೇ ಇರುತ್ತದೆ ಅಂತ ತೋರಿಸಿದವರಲ್ಲಿ ರಾವ್ ಮೊದಲಿಗರು. "ಅದಮಾರಿನವರು ಮಾರಾಯ, ನಮ್ಮ ಉಡುಪಿಯ ಅದಮಾರು!" ಅಂತ ಮೇಜು ತಟ್ಟುತ್ತಿದ್ದರು. ನಾನು ಭೌತಶಾಸ್ತ್ರವನ್ನೇ ಮುಂದೆ ಓದಬೇಕು ಅಂತ ಗಟ್ಟಿ ಮಾಡಿಕೊಂಡದ್ದು ಆ ಮೇಜಿನ ಸದ್ದಿಗೆ. ಆ ವರ್ಷ ಎಂ.ಎಸ್ಸಿ.ಗೆ ಹೋದವರಲ್ಲಿ ನಮ್ಮ ಬ್ಯಾಚಿನವರೇ ಜಾಸ್ತಿ, ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಇನ್ನೊಂದು ಸಲ ರಾತ್ರಿ ಹಾಸ್ಟೆಲಿನ ತಾರಸಿಗೆ ಟ್ರಾನ್ಸಿಸ್ಟರ್ ತಂದರು. ಹಗಲು ಬರೀ ಗೊರಗೊರ ಅನ್ನುತ್ತಿದ್ದ ಕಡೆ ಈಗ ತಮಿಳು, ಮಲಯಾಳ, ಎಲ್ಲಿಯದೋ ಸಿಂಹಳ ಹಾಡು. ಹಗಲು ನಮ್ಮ ಮೇಲಿನ ಅಯಾನುಗೋಳದ (ಬಿಸಿಲಿಗೆ ಗಾಳಿಯ ಒಂದಿಷ್ಟು ಭಾಗ ಪ್ಲಾಸ್ಮಾ ಆಗಿರುವ ಎತ್ತರದ ವಲಯ) ಕೆಳಗಿನ ಪದರ ಮೀಡಿಯಂ ವೇವ್ ಅಲೆಗಳನ್ನು ನುಂಗಿಬಿಡುತ್ತದೆ. ಬಿಸಿಲು ಹೋದರೆ ಆ ಪದರವೂ ಹೋಗುತ್ತದೆ. ಅಲೆಗಳು ಇನ್ನೂ ಮೇಲಕ್ಕೆ ಹೋಗಿ, 100 ಕಿಲೋಮೀಟರಿಗೂ ಮೇಲಿನ ಪ್ಲಾಸ್ಮಾಗೆ ತಾಗಿ ಹಿಂತಿರುಗುತ್ತವೆ. ಕೈಯಲ್ಲಿ ರೇಡಿಯೋ ಹಿಡಿದು ಪ್ಲಾಸ್ಮಾ ಕೇಳಿದವರು ನಾವು!

2023ರ ಸೆಪ್ಟೆಂಬರ್ 2ರಂದು ಸೂರ್ಯನನ್ನು ಅಧ್ಯಯನ ಮಾಡುವ ಇಸ್ರೋ ನೌಕೆ ಆದಿತ್ಯ-ಎಲ್1 ಹಾರಿದಾಗ ಫೋನ್ ಮಾಡಿದ್ದೆ. "15 ಲಕ್ಷ ಕಿಲೋಮೀಟರ್ ಹೋಗಿ ಮುಟ್ಟಲಿ, ಆಮೇಲೆ ಮಾತಾಡುವ" ಅಂದರು. ಜನವರಿ 6ರಂದು ಮುಟ್ಟಿತು. ಅವತ್ತು ಅವರೇ ಫೋನ್ ಮಾಡಿದರು, ಮತ್ತು ಅದರಲ್ಲಿ ಸೌರಮಾರುತದ ಕಣಗಳನ್ನು ಅಳೆಯುವ ಉಪಕರಣ ಉಂಟು ಅಂತ ನನಗೆ ಮತ್ತೆ ಪಾಠ ಮಾಡಿದರು.

ಈಗಿನ ಮಕ್ಕಳು ನಮಗಿಂತ ಚುರುಕು, ಒಪ್ಪುತ್ತೇನೆ. ಆದರೆ ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸುವುದರಲ್ಲೇ ಅವರ ದಿನ ಮುಗಿಯುತ್ತದೆ ಅಲ್ವಾ? ಸುಮ್ನೆ ಕೂತು ಮೇಲೆ ನೋಡಲಿಕ್ಕೆ ಪುರುಸೊತ್ತೇ ಇಲ್ಲ. ನನ್ನ ಅಕ್ಕನ ಮಗಳು ಲೊರೆಂಟ್ಸ್ ಬಲದ (ಅಯಸ್ಕಾಂತ ಓಡುವ ಎಲೆಕ್ಟ್ರಾನನ್ನು ಬಾಗಿಸುವ ಬಲ) ಲೆಕ್ಕ ಅರೆ ನಿಮಿಷದಲ್ಲಿ ಬಿಡಿಸುತ್ತಾಳೆ, ಅದು ಒಂದು ಗೆರೆಯನ್ನು ಬಾಗಿಸುವುದನ್ನು ಕಣ್ಣಿಂದ ನೋಡಿಲ್ಲ.

ಹಾಗಾಗಿ ನಮ್ಮ ಕಾಲೇಜಿನ ಪ್ರಾಂಶುಪಾಲರಲ್ಲಿ ಒಂದು ಮನವಿ. ತಿಂಗಳಿಗೊಂದು ಸಂಜೆ ಕೊನೆಯ ವರ್ಷದ ಬಿ.ಎಸ್ಸಿ. ಮಕ್ಕಳನ್ನು ನಮಗೆ ಬಿಟ್ಟುಕೊಡಿ. ಬೆಂಗಳೂರಿನಿಂದ ನಾನು ಬರುತ್ತೇನೆ, ಉಡುಪಿಯಲ್ಲಿರುವ ಗೆಳೆಯರೂ ಬರುತ್ತಾರೆ. ಲ್ಯಾಬಿನ ಹಳೆಯ ಸಿಆರ್‌ಒ ಒಂದನ್ನು ರಿಪೇರಿ ಮಾಡಿಸಿಡಿ, ಖರ್ಚು ನಮ್ಮ ಬ್ಯಾಚು ಕೊಡುತ್ತದೆ.